ನೆಲ ಸರಿದಲ್ಲಿ, ಮಳೆ ತಪ್ಪಿದಲ್ಲಿ: ಸಿಹಿನೀರಿನ ಮೀನುಗಳ ವಿಕಾಸ

ಟಿಬೆಟ್ ಪ್ರಸ್ಥಭೂಮಿಯ ನಡುಭಾಗ ಇಂದು ಮರಗಿಡಗಳಿಲ್ಲದ ಚಳಿಗಾಡು; ಸಮುದ್ರಮಟ್ಟದಿಂದ ಸುಮಾರು 5,000 ಮೀಟರ್ ಎತ್ತರ. ಅಲ್ಲಿನ ಬಂಡೆಗಳಲ್ಲಿ ಚೀನಾದ ಪಳೆಯುಳಿಕೆ ತಜ್ಞರಿಗೆ ಒಂದು ಪುಟ್ಟ ಮೀನಿನ ಕಲ್ಲಚ್ಚು ಸಿಕ್ಕಿತು. 2017ರಲ್ಲಿ ಅದಕ್ಕೆ ಇಯೊಅನಾಬಾಸ್ ತಿಬೆಟಾನಾ ಎಂದು ಹೆಸರಿಟ್ಟರು. ವಯಸ್ಸು ಸುಮಾರು 2.6 ಕೋಟಿ ವರ್ಷ. ಇದರ ಇಂದಿನ ನೆಂಟನೆಂದರೆ ‘ಮರ ಹತ್ತುವ ಮೀನು’ ಎಂದು ಹೆಸರಾದ ಅನಾಬಾಸ್. ಗದ್ದೆ, ಹೊಂಡ, ಕೆಸರಿನಲ್ಲಿ ಇರುತ್ತದೆ. ತಲೆಯೊಳಗಿನ ಮಡಿಕೆಮಡಿಕೆಯಾದ ಅಂಗದಿಂದ ನೇರವಾಗಿ ಗಾಳಿ ಎಳೆದುಕೊಳ್ಳುತ್ತದೆ. ಒಂದು ಹೊಂಡ ಬತ್ತಿದರೆ ನೆಲದ ಮೇಲೆ ತೆವಳಿ ಇನ್ನೊಂದಕ್ಕೆ ಹೋಗುತ್ತದೆ. ಟಿಬೆಟಿನ ಕಲ್ಲಚ್ಚಿನಲ್ಲೂ ಆ ಅಂಗದ ಎಲುಬುಗಳು ಉಳಿದಿವೆ.

ಬಿಸಿನಾಡಿನ, ತಗ್ಗುನೆಲದ, ಬೆಚ್ಚನೆಯ ಕೆಸರುನೀರಿನ ಮೀನು ಆ ಎತ್ತರಕ್ಕೆ ಹೋದದ್ದು ಹೇಗೆ? ಮೀನು ಹೋಗಲಿಲ್ಲ, ನೆಲವೇ ಮೇಲೆದ್ದಿತು ಎನ್ನುವುದು ಸಂಶೋಧಕರ ಉತ್ತರ. ಮೀನು ಬದುಕಿದ್ದಾಗ ಆ ಜಾಗ ತಗ್ಗಿನಲ್ಲಿತ್ತು, ಅಲ್ಲಿಗೆ ತೇವದ ಗಾಳಿ ಬರುತ್ತಿತ್ತು. ಬಂಡೆಗಳ ಆಮ್ಲಜನಕ ಐಸೊಟೋಪುಗಳನ್ನು ಅಳೆದ ಭೂವಿಜ್ಞಾನಿಗಳು ಟಿಬೆಟ್ ಅದಕ್ಕೂ ಮುಂಚೆಯೇ 4,000 ಮೀಟರ್ ಏರಿತ್ತು ಎಂದು ಲೆಕ್ಕ ಹಾಕಿದ್ದರು. ಬೆರಳುದ್ದದ ಮೀನೊಂದು ಆ ಲೆಕ್ಕವನ್ನು ಪ್ರಶ್ನೆಗೆ ಒಡ್ಡಿತು.

ಸಿಹಿನೀರಿನ ಮೀನುಗಳ ಅಧ್ಯಯನ ಹೀಗೆ ಎರಡು ದಿಕ್ಕಿನಲ್ಲಿ ಸಾಗುತ್ತದೆ. ನೆಲದ ಚರಿತ್ರೆ ತಿಳಿದರೆ ಮೀನಿನ ವಂಶ ಅರ್ಥವಾಗುತ್ತದೆ. ಮೀನಿನ ವಂಶ ತಿಳಿದರೆ ಕೆಲವೊಮ್ಮೆ ನೆಲದ ಚರಿತ್ರೆಯನ್ನೇ ತಿದ್ದಬೇಕಾಗುತ್ತದೆ.

ಹನಿ ನೀರಿನಲ್ಲಿ ಅರ್ಧ ಮತ್ಸ್ಯಲೋಕ

ಭೂಮಿಯ ಒಟ್ಟು ನೀರಿನಲ್ಲಿ ನದಿ, ಸರೋವರಗಳ ಪಾಲು ಶೇ. 0.01ರ ಆಸುಪಾಸು. ಆದರೆ ವಿಜ್ಞಾನಕ್ಕೆ ಗೊತ್ತಿರುವ ಸುಮಾರು 36,000 ಮೀನು ಪ್ರಭೇದಗಳಲ್ಲಿ ಅರ್ಧದಷ್ಟು ಈ ಹನಿ ನೀರಿನಲ್ಲೇ ಇವೆ. ಕಡಲು ಅಷ್ಟು ವಿಶಾಲವಾಗಿದ್ದೂ ಪ್ರಭೇದಗಳ ಸಂಖ್ಯೆಯಲ್ಲಿ ಹೊಳೆಗಳನ್ನು ಮೀರಿಸಲಾಗಿಲ್ಲ.

ಕಾರಣ ಹೊಳೆಗಳ ಒಂಟಿತನ. ಕಡಲ ಮೀನಿಗೆ ಸಾವಿರ ಕಿಲೋಮೀಟರ್ ದೂರವೂ ಒಂದೇ ನೀರು. ಹೊಳೆಯ ಮೀನಿಗೆ ಪಕ್ಕದ ಕಣಿವೆಯ ಹೊಳೆ ಬೇರೆಯೇ ಲೋಕ, ಏಕೆಂದರೆ ನಡುವೆ ಒಣನೆಲದ ದಿಣ್ಣೆ ಇದೆ. ಹೊಳೆಯ ಜಾಡು ಹಿಡಿದು ಕಡಲಿಗಿಳಿದು, ಇನ್ನೊಂದು ಅಳಿವೆಯಿಂದ ಮೇಲೇರುವುದು ಬಹುಪಾಲು ಮೀನುಗಳಿಗೆ ಆಗದ ಮಾತು. ಸಿಹಿನೀರಿನ ಮೀನಿನ ಮೈ ಉಪ್ಪನ್ನು ಹಿಡಿದಿಟ್ಟುಕೊಂಡು ಹೆಚ್ಚಿನ ನೀರನ್ನು ಹೊರಹಾಕಲು ಹೊಂದಿಕೊಂಡಿದೆ. ಕಡಲಲ್ಲಿ ಬದುಕಲು ಇದರ ತದ್ವಿರುದ್ಧ ಏರ್ಪಾಡು ಬೇಕು. ಹೀಗಾಗಿ ಒಂದು ಕೊಳ್ಳದಲ್ಲಿ ಸಿಕ್ಕಿಕೊಂಡ ವಂಶ ಅಲ್ಲೇ ಉಳಿಯುತ್ತದೆ, ಅಲ್ಲೇ ಬದಲಾಗುತ್ತದೆ. ಕೊಳ್ಳಗಳ ಗೋಡೆ ಕಟ್ಟುವುದು ಭೂಗರ್ಭದ ಕೆಲಸ. ಆ ಗೋಡೆಯ ಬಾಗಿಲನ್ನು ತೆರೆಯುವುದು, ಮುಚ್ಚುವುದು ಹವಾಮಾನದ ಕೆಲಸ. ಯಾವ ಮೀನಿನ ಕಥೆಯಲ್ಲಿ ಯಾವುದರ ಪಾಲು ಎಷ್ಟು ಎಂಬ ಪ್ರಶ್ನೆ ನೂರು ವರ್ಷದಿಂದ ಚರ್ಚೆಯಲ್ಲಿದೆ. ಡಿಎನ್‌ಎ ಓದುವ ತಂತ್ರ ಬಂದ ಮೇಲೆ ಹಳೆಯ ಉತ್ತರಗಳಲ್ಲಿ ಕೆಲವು ಗಟ್ಟಿಯಾಗಿವೆ, ಕೆಲವು ಕುಸಿದಿವೆ.

ನದಿ ದಿಕ್ಕು ಬದಲಿಸಿದಾಗ

ಗಟ್ಟಿಯಾದ ಉತ್ತರಗಳಲ್ಲಿ ನ್ಯೂಜಿಲೆಂಡಿನ ನೆವಿಸ್ ನದಿಯದು ಬಲು ಅಚ್ಚುಕಟ್ಟು. ದಕ್ಷಿಣ ದ್ವೀಪದ ಒಟಾಗೊ ಪ್ರಾಂತದ ಈ ನದಿ ಇಂದು ಉತ್ತರಕ್ಕೆ ಹರಿದು ಕ್ಲೂಥಾ ನದಿವ್ಯೂಹ ಸೇರುತ್ತದೆ. ಹಿಂದೊಮ್ಮೆ ಅದು ದಕ್ಷಿಣಕ್ಕೆ, ಮಟೌರಾ ನದಿಯ ಕಡೆಗೆ ಹರಿಯುತ್ತಿತ್ತು. ನೆಲ ಮೇಲೆದ್ದು ದಾರಿ ಮುಚ್ಚಿದ್ದರಿಂದ ನೀರು ದಿಕ್ಕು ಬದಲಿಸಿತು. ಇದನ್ನು ಭೂವಿಜ್ಞಾನಿಗಳು ಕಲ್ಲುಮಣ್ಣಿನ ಪದರಗಳಿಂದ ಊಹಿಸಿದ್ದರು. 2001ರಲ್ಲಿ ಒಟಾಗೊ ವಿಶ್ವವಿದ್ಯಾಲಯದ ಜಾನ್ ವಾಟರ್ಸ್ ಮತ್ತು ಸಂಗಡಿಗರು ಅಲ್ಲಿನ ಗ್ಯಾಲಾಕ್ಸಿಯಾಸ್ ಎಂಬ ಪುಟ್ಟ ಮೀನುಗಳ ಡಿಎನ್‌ಎ ಓದಿದರು. ನೆವಿಸ್‌ನ ಮೀನುಗಳ ಹತ್ತಿರದ ಬಂಧುಗಳು ಇಂದು ಒಂದೇ ನೀರಿನಲ್ಲಿ ಕೂಡುವ ಕ್ಲೂಥಾದಲ್ಲಿರಲಿಲ್ಲ. ಸಂಬಂಧ ಕಡಿದುಹೋಗಿದ್ದ ದಕ್ಷಿಣದ ನದಿಗಳಲ್ಲಿದ್ದವು. ನದಿ ಮರೆತ ಹಳೆಯ ದಾರಿ ಮೀನಿನ ವಂಶವಾಹಿಯಲ್ಲಿ ಉಳಿದಿತ್ತು.

ಒಂದು ನದಿ ತನ್ನ ಮೇಲ್ಭಾಗವನ್ನು ಹಿಂದಕ್ಕೆ ಕೊರೆಯುತ್ತ ಹೋಗಿ ನೆರೆಯ ನದಿಯ ನೀರನ್ನು ತನ್ನತ್ತ ಸೆಳೆದುಕೊಂಡರೆ ಅದಕ್ಕೆ ನದಿ ಅಪಹರಣ ಎನ್ನುತ್ತಾರೆ. ನೀರಿನ ಜೊತೆಗೆ ಮೀನೂ ಕೈ ಬದಲಾಗುತ್ತದೆ. ಇಂಥ ಅಪಹರಣ ಈಗಲೂ ನಡೆಯುತ್ತಿರುವುದನ್ನು ವೆನೆಜುವೆಲಾದಲ್ಲಿ ಕಾಣಬಹುದು. ಅಲ್ಲಿ ಒರಿನೊಕೊ ನದಿಯ ಮೇಲ್ಭಾಗದ ಒಂದಷ್ಟು ನೀರು ಕಾಸಿಕಿಯಾರೆ ಎಂಬ ಸಹಜ ಕಾಲುವೆಯಲ್ಲಿ ಹರಿದು, ರಿಯೊ ನೀಗ್ರೊ ಮೂಲಕ ಅಮೆಜಾನ್ ಸೇರುತ್ತದೆ. ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ 1800ರಲ್ಲಿ ದೋಣಿಯಲ್ಲಿ ಸಾಗಿ ಅದನ್ನು ದಾಖಲಿಸಿದ. ಒಂದು ತುದಿಯಲ್ಲಿ ತಿಳಿನೀರು, ಇನ್ನೊಂದು ತುದಿಯಲ್ಲಿ ಆಮ್ಲೀಯವಾದ ಕಪ್ಪುನೀರು. ಆದ್ದರಿಂದ ದಾರಿ ತೆರೆದಿದ್ದರೂ ಎಲ್ಲ ಮೀನುಗಳೂ ದಾಟುವುದಿಲ್ಲ. ನೀರಿನ ಗುಣವೇ ಜರಡಿ ಹಿಡಿಯುತ್ತದೆ.

ಅಮೆಜಾನ್ ಕೊಳ್ಳವೇ ಭೂಗರ್ಭದ ದೊಡ್ಡ ಕೈಚಳಕ. ಆಂಡಿಸ್ ಪರ್ವತ ಏಳುವ ಮುಂಚೆ ಖಂಡದ ನೀರಿನ ಹರಿವು ಬೇರೆಯಾಗಿತ್ತು. ಪರ್ವತ ಏರಿದಂತೆ ಅದರ ಬುಡದಲ್ಲಿ ಅಗಾಧವಾದ ಜೌಗುಪ್ರದೇಶ ಹರಡಿತು. ಸುಮಾರು ಒಂದು ಕೋಟಿ ವರ್ಷಗಳ ಹಿಂದೆ ನೀರು ಪೂರ್ವಕ್ಕೆ ಹರಿದು ಅಟ್ಲಾಂಟಿಕ್ ಸೇರುವ ಇಂದಿನ ಅಮೆಜಾನ್ ರೂಪುಗೊಂಡಿತು. ಆ ಹಳೆಯ ಕಾಲದಲ್ಲಿ ಕಡಲು ಒಳನಾಡಿಗೆ ನುಗ್ಗಿದ್ದರ ಗುರುತಾಗಿ ಅಲ್ಲಿ ಇಂದಿಗೂ ಸಿಹಿನೀರಿನ ತೊರಕೆ ಮೀನುಗಳಿವೆ. ಅವುಗಳ ಪೂರ್ವಜರು ಕಡಲವರು. ಅಮೆಜಾನ್ ಕೊಳ್ಳದಲ್ಲಿ ಈವರೆಗೆ ಗುರುತಿಸಿದ ಮೀನು ಪ್ರಭೇದಗಳು 2,400ಕ್ಕೂ ಹೆಚ್ಚು.

ಗೋಡೆ ಯಾವಾಗಲೂ ಕಲ್ಲಿನದೇ ಆಗಬೇಕಿಲ್ಲ. ಕಿನ್ಶಾಸಾದಿಂದ ಕೆಳಗೆ ಕಾಂಗೊ ನದಿ ನೂರಾರು ಕಿಲೋಮೀಟರ್ ಉದ್ದಕ್ಕೂ ಬಂಡೆಗಳ ನಡುವೆ ಭೋರ್ಗರೆಯುತ್ತದೆ; ಕೆಲವೆಡೆ ಆಳ 200 ಮೀಟರ್ ಮೀರುತ್ತದೆ. ಅಲ್ಲಿ ಸೆಳೆತವೇ ಗೋಡೆ. ಒಂದೇ ನದಿಯಲ್ಲಿ ಒಂದೆರಡು ಕಿಲೋಮೀಟರ್ ಅಂತರದ ಮೀನುಗಳು ವಂಶವಾಹಿಯಲ್ಲಿ ಬೇರೆಯಾಗಿರುವುದನ್ನು ಸಂಶೋಧಕರು ತೋರಿಸಿದ್ದಾರೆ. ಆ ಆಳದಲ್ಲಿ ಕಣ್ಣಿಲ್ಲದ, ಬಣ್ಣವಿಲ್ಲದ ಸಿಚ್ಲಿಡ್ ಮೀನೂ ಇದೆ. ಗುಹೆಯ ಕತ್ತಲಿಗೆ ಹೊಂದಿಕೊಂಡ ಮೀನುಗಳ ಲಕ್ಷಣ ಬಯಲ ನದಿಯ ಆಳದಲ್ಲೂ ಮೂಡಿದೆ.

ಖಂಡ ಒಡೆದದ್ದಕ್ಕೆ ಸಾಕ್ಷಿ ಯಾರು?

ಮಲ್ಪೆಯಿಂದ ದೋಣಿ ಹತ್ತಿದವರು ಸೇಂಟ್ ಮೇರಿಸ್ ದ್ವೀಪದಲ್ಲಿ ಕಂಬಗಳಂತೆ ನಿಂತ ಬಹುಕೋನದ ಕಲ್ಲುಗಳನ್ನು ನೋಡಿ ಬರುತ್ತಾರೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಲಾವಾ ಆರಿ ಅವು ಮೂಡಿದವು. ಅದೇ ಕಾಲಕ್ಕೆ ಭಾರತ ಮತ್ತು ಮಡಗಾಸ್ಕರ್ ಒಂದರಿಂದೊಂದು ಬೇರ್ಪಡುತ್ತಿದ್ದವು. ಆ ಬಿರುಕಿನ ಅಂಚೇ ಇಂದಿನ ಪಶ್ಚಿಮ ಕರಾವಳಿ. ನೆಲ ಪಶ್ಚಿಮದಲ್ಲಿ ಎತ್ತರವಾಗಿ, ಪೂರ್ವಕ್ಕೆ ವಾಲಿತು. ಅರಬ್ಬಿ ಸಮುದ್ರದಿಂದ ಬರಿಯ 64 ಕಿಲೋಮೀಟರ್ ದೂರದ ಮಹಾಬಲೇಶ್ವರದಲ್ಲಿ ಹುಟ್ಟುವ ಕೃಷ್ಣೆ ದಖನ್ ಪ್ರಸ್ಥಭೂಮಿಯನ್ನೆಲ್ಲ ದಾಟಿ ಬಂಗಾಳ ಕೊಲ್ಲಿ ಸೇರುವುದು ಈ ವಾಲುವಿಕೆಯಿಂದ. ಘಟ್ಟದ ನೆತ್ತಿ ಜಲವಿಭಾಜಕವಾಯಿತು. ಪಡುವಣಕ್ಕೆ ಧುಮ್ಮಿಕ್ಕುವ ಗಿಡ್ಡ ಹೊಳೆಗಳು, ಮೂಡಣಕ್ಕೆ ನಿಧಾನವಾಗಿ ಸಾಗುವ ದೊಡ್ಡ ನದಿಗಳು ಎಂದು ಎರಡು ಮತ್ಸ್ಯಲೋಕ ಏರ್ಪಟ್ಟವು.

ಈ ಬಿರುಕಿಗೆ ಮೀನಿನ ಸಾಕ್ಷಿಯೂ ಇದೆ ಎಂದು ಬಹುಕಾಲ ನಂಬಲಾಗಿತ್ತು. ಕೇರಳದವರು ಕರಿಮೀನ್ ಎಂದು ಹುರಿದು ತಿನ್ನುವ ಎಟ್ರೊಪ್ಲಸ್ ಸುರಾಟೆನ್ಸಿಸ್ ಸಿಚ್ಲಿಡ್ ಕುಟುಂಬದ್ದು. ಅದರ ಸೋದರಸಂಬಂಧಿ ಎಟ್ರೊಪ್ಲಸ್ ಕೆನರೆನ್ಸಿಸ್ ದಕ್ಷಿಣ ಕನ್ನಡದ ನೇತ್ರಾವತಿ, ಕುಮಾರಧಾರೆಗಳ ಆಸುಪಾಸಿನ ಕೆಲವೇ ಹೊಳೆಗಳಲ್ಲಿದೆ. ಸಿಚ್ಲಿಡ್‌ಗಳ ಈ ಶಾಖೆಯ ಅತಿ ಹತ್ತಿರದ ಬಂಧುಗಳು ಇರುವುದು ಮಡಗಾಸ್ಕರ್‌ನಲ್ಲಿ. ಉಳಿದ ಸಿಚ್ಲಿಡ್‌ಗಳು ಆಫ್ರಿಕಾ ಮತ್ತು ಅಮೆರಿಕ ಖಂಡಗಳಲ್ಲಿ. ಗೊಂಡ್ವಾನಾ ಮಹಾಖಂಡದ ಚೂರುಗಳನ್ನು ಜೋಡಿಸಿದರೆ ಈ ಮೀನುಗಳ ನಕ್ಷೆಯೂ ಜೋಡಿಯಾಗುತ್ತದೆ. ಇದಕ್ಕಿಂತ ಸೊಗಸಾದ ವಿವರಣೆ ಬೇಕೇ?

ಆದರೆ ಕಾಲದ ಲೆಕ್ಕ ಕೂಡಲಿಲ್ಲ. ಈವರೆಗೆ ಸಿಕ್ಕಿರುವ ಅತಿ ಹಳೆಯ ಸಿಚ್ಲಿಡ್ ಪಳೆಯುಳಿಕೆ ತಾಂಜಾನಿಯಾದ ಮಹೆಂಗೆಯದು. ವಯಸ್ಸು ಸುಮಾರು 4.6 ಕೋಟಿ ವರ್ಷ. ಗೊಂಡ್ವಾನಾ ಒಡೆಯಲಾರಂಭಿಸಿದ್ದು ಅದಕ್ಕಿಂತ ಬಹಳ ಹಿಂದೆ. 2013ರಲ್ಲಿ ಮ್ಯಾಟ್ ಫ್ರೀಡ್‌ಮನ್ ಮತ್ತು ಸಂಗಡಿಗರು ಡಿಎನ್‌ಎ ಹಾಗೂ ಪಳೆಯುಳಿಕೆಗಳನ್ನು ಒಟ್ಟಿಗಿಟ್ಟು ಲೆಕ್ಕ ಹಾಕಿದಾಗ, ಇಡೀ ಕುಟುಂಬ ಹುಟ್ಟಿದ್ದೇ 6.5ರಿಂದ 5.7 ಕೋಟಿ ವರ್ಷಗಳ ಹಿಂದೆ ಎಂಬ ಉತ್ತರ ಬಂತು. ಅಷ್ಟರಲ್ಲಿ ಖಂಡಗಳ ನಡುವೆ ಕಡಲು ಬಂದಾಗಿತ್ತು. 2017ರ ಇನ್ನೊಂದು ವಿಸ್ತಾರವಾದ ಅಧ್ಯಯನವೂ ಅಮೆರಿಕದ ಸಿಚ್ಲಿಡ್‌ಗಳ ಪೂರ್ವಜರು ಅಟ್ಲಾಂಟಿಕ್ ದಾಟಿಯೇ ಹೋದರು ಎಂಬ ಕಡೆಗೆ ವಾಲಿತು. ಕರಿಮೀನು ಅಳಿವೆಯ ಚೌಳುನೀರಿನಲ್ಲಿ ಚೆನ್ನಾಗಿಯೇ ಬಾಳುತ್ತದೆ ಎಂಬುದನ್ನು ನೆನೆದರೆ, ಉಪ್ಪುನೀರು ದಾಟಿರಬಹುದೆಂಬ ಮಾತು ಅಷ್ಟು ಅಸಂಭವವೆನಿಸುವುದಿಲ್ಲ. ನಕ್ಷೆ ಹೊಂದಿದ ಮಾತ್ರಕ್ಕೆ ಕಾರಣ ಹೊಂದುವುದಿಲ್ಲ ಎಂಬ ಎಚ್ಚರ ಈ ಕ್ಷೇತ್ರಕ್ಕೆ ಬಂದದ್ದು ಇಂಥ ಪ್ರಕರಣಗಳಿಂದ.

ಹಾಗಾದರೆ ಗೊಂಡ್ವಾನಾದಿಂದ ಬಂದ ಮೀನು ಭಾರತದಲ್ಲಿ ಒಂದೂ ಇಲ್ಲವೇ? ಇದೆ ಎನ್ನುವ ವಾದಕ್ಕೆ ಈಚೆಗೆ ಬಲ ಬಂದದ್ದು ಅನಿರೀಕ್ಷಿತ ಮೂಲೆಯಿಂದ. ಕೇರಳದ ಮಲಪ್ಪುರಂ ಜಿಲ್ಲೆಯ ಗದ್ದೆಯೊಂದರಲ್ಲಿ ಮಳೆಯ ನಂತರ ಹಾವಿನಂಥ ಕೆಂಗಂದು ಮೀನು ಕಾಣಿಸಿಕೊಂಡಿತು. 2019ರಲ್ಲಿ ರಾಲ್ಫ್ ಬ್ರಿಟ್ಜ್ ಮತ್ತು ಭಾರತೀಯ ಸಂಗಡಿಗರು ಅದಕ್ಕೆ ಏನಿಗ್ಮಾಚನ್ನಾ ಗೊಲ್ಲಮ್ ಎಂದು ಹೆಸರಿಟ್ಟರು. ಮರುವರ್ಷ ಅದಕ್ಕೆಂದೇ ಹೊಸ ಕುಟುಂಬವನ್ನು ಸ್ಥಾಪಿಸಿದರು. ನಮ್ಮ ಕೆರೆಗಳ ಕುಚ್ಚು ಮೀನಿನ ದೂರದ ಬಂಧು ಇದು. ಕುಚ್ಚು ಮೀನು ಗಾಳಿ ಕುಡಿಯುತ್ತದೆ, ಇದಕ್ಕೆ ಆ ಅಂಗವೇ ಇಲ್ಲ. ಗೊಂಡ್ವಾನಾ ಕಾಲದ ವಂಶವೊಂದು ಭಾರತದ ಜೊತೆ ತೇಲಿ ಬಂದು ನೆಲದಡಿ ಅಡಗಿ ಉಳಿದಿದೆ ಎನ್ನುವುದು ಸಂಶೋಧಕರ ಅಭಿಪ್ರಾಯ. ಡಿಎನ್‌ಎ ಲೆಕ್ಕದಲ್ಲಿ ಬರುವ ಕಾಲದ ಅಂಚು ಕೋಟ್ಯಂತರ ವರ್ಷಗಳಷ್ಟು ಅಗಲವಾಗಿದೆ, ಆದ್ದರಿಂದ ಈ ಮಾತನ್ನೂ ಕೊನೆಯದೆಂದು ಹಿಡಿಯುವಂತಿಲ್ಲ.

ಮಳೆ ಮಾಡಿದ ಕಲ್ಲು, ಕಲ್ಲಿನೊಳಗಿನ ಮೀನು

ಆ ಮೀನು ಅಡಗಿದ್ದ ಜಾಗ ಜಂಬಿಟ್ಟಿಗೆ. ಉತ್ತರ ಕನ್ನಡದಲ್ಲಿ ಚಿರೇಕಲ್ಲು, ದಕ್ಷಿಣ ಕನ್ನಡದಲ್ಲಿ ಕೆಂಪುಕಲ್ಲು ಎಂದು ಮನೆ ಕಟ್ಟಲು ಕಡಿದು ತರುವ ಕಲ್ಲು ಇದೇ. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ಪ್ರವಾಸಕಥನದಲ್ಲಿ ಇದನ್ನು ವರ್ಣಿಸಿ ಲ್ಯಾಟರೈಟ್ ಎಂದು ಕರೆದದ್ದು ಮಲಪ್ಪುರಂ ಜಿಲ್ಲೆಯ ಅಂಗಾಡಿಪುರಂ ಬಳಿ ನೋಡಿದ ಕಲ್ಲಿನಿಂದ.

ಜಂಬಿಟ್ಟಿಗೆ ಹುಟ್ಟುವ ಬಗೆ ನೋಡಿದರೆ ಭೂಗರ್ಭ ಒಂದು ಕಡೆ, ಹವಾಮಾನ ಇನ್ನೊಂದು ಕಡೆ ಎಂದು ವಿಂಗಡಿಸುವುದು ಎಷ್ಟು ಕಷ್ಟ ಎಂದು ತಿಳಿಯುತ್ತದೆ. ಮಳೆಗಾಲದಲ್ಲಿ ನೆನೆದು, ಬೇಸಿಗೆಯಲ್ಲಿ ಒಣಗಿ, ಲಕ್ಷಾಂತರ ವರ್ಷ ಹೀಗೇ ನಡೆದಾಗ ಮೂಲಶಿಲೆಯ ಸಿಲಿಕಾ ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿಯುತ್ತವೆ. ಕಲ್ಲಿನ ತುಂಬ ತೂತು, ಪೊಟರೆ. ಅವುಗಳಲ್ಲಿ ಅಂತರ್ಜಲ ನಿಲ್ಲುತ್ತದೆ. ಕೇರಳದ ಬಾವಿಗಳಿಂದ ಆಗೊಮ್ಮೆ ಈಗೊಮ್ಮೆ ಕೊಡಕ್ಕೆ ಬರುವ ಕುರುಡು ಮೀನುಗಳು ಈ ಪೊಟರೆಗಳ ನಿವಾಸಿಗಳು. ಕೋಟ್ಟಯಂನ ಬಾವಿಯಲ್ಲಿ ಸಿಕ್ಕ ಕಣ್ಣಿಲ್ಲದ ಹೊರಾಗ್ಲಾನಿಸ್ ಕೃಷ್ಣಾಯಿಯನ್ನು ಎ.ಜಿ.ಕೆ. ಮೆನನ್ 1950ರಲ್ಲಿ ವರ್ಣಿಸಿದರು. 2019ರಲ್ಲಿ ಕೋಳಿಕ್ಕೋಡ್ ಜಿಲ್ಲೆಯ ಬಾವಿಯಿಂದ ಬಂದ ಎಳೆಯಂಥ ಮೀನಿಗೆ, ಅದರ ಆಕಾರ ನೋಡಿ, ಕುರುಕಲು ತಿಂಡಿಯ ಹೆಸರನ್ನೇ ಕೊಟ್ಟು ಪಾಂಜಿಯೊ ಭುಜಿಯಾ ಎಂದರು. ಮುಂಗಾರು ಕಲ್ಲನ್ನು ಮಾಡಿತು, ಕಲ್ಲು ಕತ್ತಲೆಯನ್ನು ಒದಗಿಸಿತು, ಕತ್ತಲೆಯಲ್ಲಿ ಕಣ್ಣು ಬೇಡವಾಯಿತು.

ಭಾರತದ ಮತ್ಸ್ಯವಿಜ್ಞಾನದಲ್ಲಿ ಅತಿ ದೀರ್ಘ ಚರ್ಚೆ ಎಬ್ಬಿಸಿದವರು ಸುಂದರ್ ಲಾಲ್ ಹೋರಾ. ಕುರುಡು ಮೀನಿಗೆ ಮೆನನ್ ಇಟ್ಟ ಕುಲನಾಮ ಇವರ ಗೌರವಾರ್ಥ. ಭಾರತೀಯ ಪ್ರಾಣಿಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದ ಹೋರಾ, ಪಶ್ಚಿಮ ಘಟ್ಟದ ಝರಿಗಳ ಮೀನುಗಳು ಪೂರ್ವ ಹಿಮಾಲಯ ಹಾಗೂ ಮಲಯಾ ಕಡೆಯ ಮೀನುಗಳನ್ನು ಹೋಲುವುದನ್ನು ಗಮನಿಸಿದ್ದರು. ಭೋರ್ಗರೆವ ನೀರಿನಲ್ಲಿ ಬಂಡೆಗೆ ಅಂಟಿಕೊಳ್ಳಲು ಹೊಟ್ಟೆಯಡಿ ಹೀರುಬಟ್ಟಲು, ಚಪ್ಪಟೆ ಮೈ, ಅಗಲ ರೆಕ್ಕೆ ಇರುವ ಈ ಮೀನುಗಳು ಗಂಗಾ ಬಯಲನ್ನು ದಾಟಿ ಬರಲಾರವು. ಹಾಗಾಗಿ ಹಿಂದೆ ಸಾತ್ಪುರಾ, ವಿಂಧ್ಯ ಸಾಲುಗಳು ಈಗಿನದಕ್ಕಿಂತ ಎತ್ತರವಾಗಿ, ತೇವವಾಗಿ ಇದ್ದು ಮೀನುಗಳಿಗೆ ಸೇತುವೆಯಾಗಿರಬೇಕು ಎಂದರು. ಇದೇ ಸಾತ್ಪುರಾ ಸಿದ್ಧಾಂತ.

ಆ ಬೆಟ್ಟಗಳು ಅಷ್ಟು ಎತ್ತರವಿದ್ದವು ಎನ್ನಲು ಭೂವೈಜ್ಞಾನಿಕ ಆಧಾರ ಸಾಲದು ಎಂದು ಆಕ್ಷೇಪ ಬಂತು. ಬೆಟ್ಟ ಎತ್ತರವಾಗದಿದ್ದರೂ ಮಳೆ ಹೆಚ್ಚಿದ್ದ ಕಾಲದಲ್ಲಿ ತೇವದ ಕಾಡು, ಝರಿಗಳು ಮಧ್ಯಭಾರತದವರೆಗೆ ಹಬ್ಬಿದ್ದರೆ ಸಾಕು ಎಂಬುದು ಇನ್ನೊಂದು ವಾದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಪ್ರವೀಣ್ ಕಾರಂತ್ 2003ರಲ್ಲಿ ಚರ್ಚೆಯನ್ನು ಇನ್ನೊಂದು ಮೆಟ್ಟಿಲು ಹಿಂದಕ್ಕೆ ಒಯ್ದರು. ದಾರಿ ಯಾವುದು ಎಂದು ಕೇಳುವ ಮುನ್ನ, ಎರಡು ಕಡೆಯ ಜೀವಿಗಳು ನಿಜಕ್ಕೂ ಒಂದೇ ವಂಶದವೇ ಎಂದು ವಂಶವೃಕ್ಷ ಕಟ್ಟಿ ನೋಡಬೇಕು ಎಂಬುದು ಅವರ ನಿಲುವು. ಸೆಳೆತದ ನೀರು ಎಲ್ಲಿದ್ದರೂ ಚಪ್ಪಟೆ ಮೈ, ಹೀರುಬಟ್ಟಲುಗಳನ್ನು ಮತ್ತೆ ಮತ್ತೆ ರೂಪಿಸಬಲ್ಲದು; ಹೋಲಿಕೆ ಬೇರೆ, ಬಳಗ ಬೇರೆ.

ಬತ್ತಿದ ಸರೋವರದಿಂದ ಐನೂರು ಮೀನು

ಹವಾಮಾನದ ವೇಗ ಎಷ್ಟೆಂದು ತಿಳಿಯಲು ಪೂರ್ವ ಆಫ್ರಿಕಾದ ಮೂರು ಸರೋವರಗಳನ್ನು ಒಟ್ಟಿಗೆ ನೋಡಬೇಕು. ಮೂರನ್ನೂ ರೂಪಿಸಿದ್ದು ಅಲ್ಲಿನ ಮಹಾಬಿರುಕು ಕಣಿವೆಯ ಚಲನೆ. ಟಾಂಗನ್ಯೀಕಾ ಸುಮಾರು ಒಂದು ಕೋಟಿ ವರ್ಷ ಹಳೆಯದು, 1,470 ಮೀಟರ್ ಆಳ. ಅಲ್ಲಿ ಸುಮಾರು 240 ಸಿಚ್ಲಿಡ್ ಪ್ರಭೇದಗಳಿವೆ. ಮಲಾವಿ ಸುಮಾರು 700 ಮೀಟರ್ ಆಳ, 700ಕ್ಕೂ ಹೆಚ್ಚು ಪ್ರಭೇದ. ವಿಕ್ಟೋರಿಯಾ ವಿಸ್ತಾರದಲ್ಲಿ ಮೂರರಲ್ಲೂ ದೊಡ್ಡದು, ಆಳ ಮಾತ್ರ 80 ಮೀಟರ್. ಪ್ರಭೇದಗಳು ಸುಮಾರು 500.

ವಿಕ್ಟೋರಿಯಾ ಹುಟ್ಟಿದ್ದು ಸುಮಾರು 4 ಲಕ್ಷ ವರ್ಷಗಳ ಹಿಂದೆ. ಪಶ್ಚಿಮದ ಬಿರುಕಿನ ಅಂಚು ಮೇಲೆದ್ದು, ಅಲ್ಲಿಯವರೆಗೆ ಪಶ್ಚಿಮಕ್ಕೆ ಹರಿಯುತ್ತಿದ್ದ ನದಿಗಳು ಹಿಮ್ಮುಖವಾಗಿ ನೀರು ತಗ್ಗಿನಲ್ಲಿ ನಿಂತಿತು. ಇಲ್ಲಿಯವರೆಗೆ ಕಥೆ ಭೂಗರ್ಭದ್ದು. 1990ರ ದಶಕದಲ್ಲಿ ಸರೋವರದ ತಳದ ಮಣ್ಣನ್ನು ಕೊರೆದು ತೆಗೆದಾಗ, ಕಳೆದ ಹಿಮಯುಗದ ಕೊನೆಯ ಹೊತ್ತಿಗೆ ಅದು ಸಂಪೂರ್ಣ ಒಣಗಿಹೋಗಿತ್ತು, ಮತ್ತೆ ತುಂಬಿದ್ದು ಸುಮಾರು 15,000 ವರ್ಷಗಳ ಈಚೆಗೆ ಎಂದು ತಿಳಿಯಿತು. ಅಷ್ಟರೊಳಗೆ ಐನೂರು ಪ್ರಭೇದ ಹುಟ್ಟಲು ಸಾಧ್ಯವೇ ಎಂದು ಜೀವವಿಜ್ಞಾನಿಗಳು ದಂಗಾದರು.

ಒಂದು ಉತ್ತರ 2017ರಲ್ಲಿ ಸಿಕ್ಕಿತು. ಕಾಂಗೊ ಕಡೆಯ ಒಂದು ವಂಶ, ನೈಲ್‌ನ ಮೇಲ್ಭಾಗದ ಇನ್ನೊಂದು ವಂಶ ಸುಮಾರು 1.5 ಲಕ್ಷ ವರ್ಷಗಳ ಹಿಂದೆ ಬೆರೆತಿದ್ದವು ಎಂದು ಡಿಎನ್‌ಎ ತೋರಿಸಿತು. ತೇವದ ಕಾಲದಲ್ಲಿ ಕೊಳ್ಳಗಳ ನಡುವೆ ನೀರಿನ ನಂಟು ಬೆಳೆದು, ದೀರ್ಘಕಾಲ ಬೇರೆಯಾಗಿದ್ದವು ಕೂಡಿದವು. ಈ ಬೆರಕೆ ಮೀನುಗಳಲ್ಲಿ ಬಣ್ಣ ಗುರುತಿಸುವ ವಂಶವಾಹಿಗಳ ಬಗೆಬಗೆಯ ಜೋಡಣೆ ಇತ್ತು. ಆಳಕ್ಕೆ ಹೋದಂತೆ ನೀಲಿ ಬೆಳಕು ಕ್ಷೀಣಿಸಿ ಕೆಂಪು ಉಳಿಯುವ ಕಲಕು ನೀರಿನಲ್ಲಿ ಇದರಿಂದ ದೊಡ್ಡ ಪ್ರಯೋಜನವಾಯಿತು. ಮೇಲಿನ ನೀರಿನಲ್ಲಿ ನೀಲಿ ಗಂಡಿನ ಪುಂಡಾಮಿಲಿಯಾ ಪುಂಡಾಮಿಲಿಯಾ; ಕೆಳಗೆ ಕೆಂಪು ಗಂಡಿನ ಪುಂಡಾಮಿಲಿಯಾ ನ್ಯೆರೆರೇಯಿ, ತಾಂಜಾನಿಯಾದ ಅಧ್ಯಕ್ಷರಾಗಿದ್ದ ಜೂಲಿಯಸ್ ನ್ಯೆರೆರೆ ಹೆಸರಿನದು. ಬೇರ್ಪಡಿಸಲು ಬೆಟ್ಟ ಬೇಕಾಗಲಿಲ್ಲ. ಕೆಲವೇ ಮೀಟರ್ ಆಳ ಸಾಕಾಯಿತು.

ಮಲಾವಿಯ ತಳವನ್ನು 2005ರಲ್ಲಿ ಕೊರೆದಾಗ ಇನ್ನೂ ದೀರ್ಘ ದಾಖಲೆ ಕೈಗೆ ಬಂತು. 1,35,000ರಿಂದ 75,000 ವರ್ಷಗಳ ಹಿಂದಿನ ಅವಧಿಯಲ್ಲಿ ಭೀಕರ ಬರಗಳು ಬಂದು ನೀರಿನ ಮಟ್ಟ 500 ಮೀಟರಿಗೂ ಹೆಚ್ಚು ಕುಸಿದಿತ್ತು. ನೀರು ಇಳಿದಾಗ ಬಂಡೆಗಳ ದಡ ಮಾಯವಾಗಿ ಕೆಸರುದಡ ಬರುತ್ತದೆ, ಏರಿದಾಗ ಬಂಡೆಗಳ ನೆಲೆ ಮರಳಿ ತೆರೆಯುತ್ತದೆ. ಬಂಡೆಯನ್ನು ಬಿಟ್ಟಗಲದ ಮೀನುಗಳು ಪ್ರತಿ ಏರಿಳಿತಕ್ಕೂ ಒಡೆದು, ಕೂಡಿ, ಮತ್ತೆ ಒಡೆಯುತ್ತವೆ. ಟಾಂಗನ್ಯೀಕಾದ ಟ್ರೊಫಿಯಸ್ ಮೀನು ಮರಳಿನ ಬಯಲನ್ನು ದಾಟಲೊಲ್ಲದು, ಹಾಗಾಗಿ ಒಂದೊಂದು ಬಂಡೆದಡದಲ್ಲಿ ಒಂದೊಂದು ಬಣ್ಣದ್ದು ಇದೆ.

ಮಂಜು, ಮರಳು, ಬಿಸಿನೀರು

ಉತ್ತರ ಗೋಳಾರ್ಧದಲ್ಲಿ ಹವಾಮಾನ ನೆಲವನ್ನೇ ಎತ್ತಿ ಇಳಿಸಿತು. ಹಿಮಯುಗದ ಮಂಜಿನ ಭಾರಕ್ಕೆ ಕುಸಿದಿದ್ದ ಕರಾವಳಿ, ಸುಮಾರು 12,000 ವರ್ಷಗಳ ಹಿಂದೆ ಮಂಜು ಕರಗಿದ ಮೇಲೆ ಮೇಲೆದ್ದಿತು. ಕಡಲ ಚಾಚುಗಳು ಕಡಿದು ಸರೋವರಗಳಾದವು. ಅವುಗಳಲ್ಲಿ ಕಡಲ ಸ್ಟಿಕಲ್‌ಬ್ಯಾಕ್ ಮೀನುಗಳು ಸಿಕ್ಕಿಬಿದ್ದವು. ಕಡಲಲ್ಲಿ ಇವುಗಳ ಪಕ್ಕೆಯುದ್ದಕ್ಕೂ ಮೂವತ್ತಕ್ಕೂ ಹೆಚ್ಚು ಎಲುಬಿನ ಫಲಕಗಳ ಕವಚ, ಸರೋವರಗಳಲ್ಲಿ ಬೆರಳೆಣಿಕೆಯಷ್ಟು. ಅಲಾಸ್ಕಾದಿಂದ ಯುರೋಪಿನವರೆಗೆ ನೂರಾರು ಸರೋವರಗಳಲ್ಲಿ ಇದೇ ಬದಲಾವಣೆ ಬಿಡಿಬಿಡಿಯಾಗಿ ನಡೆದಿದೆ. ಇದರ ಹಿಂದೆ ಇಡಿಎ ಎಂಬ ವಂಶವಾಹಿಯ ಒಂದು ರೂಪ ಇದೆ, ಅದು ಕಡಲ ಮೀನುಗಳಲ್ಲೇ ಅಪರೂಪವಾಗಿ ಅಡಗಿತ್ತು ಎಂದು 2005ರಲ್ಲಿ ಗೊತ್ತಾಯಿತು. ಹೊಸ ಸರೋವರ ಹೊಸ ಗುಣವನ್ನು ಸೃಷ್ಟಿಸಲಿಲ್ಲ, ಇದ್ದುದನ್ನು ಆರಿಸಿಕೊಂಡಿತು.

ಬರದ ನಾಡಿನಲ್ಲಿ ಆಯ್ಕೆ ಇನ್ನೂ ಕಠಿಣ. ಮೊಜಾಂಬಿಕ್, ಜಿಂಬಾಬ್ವೆಗಳ ಮಳೆಹೊಂಡಗಳಲ್ಲಿ ಹುಟ್ಟುವ ನೊಥೊಬ್ರಾಂಕಿಯಸ್ ಫರ್ಜೆರಿ ಎಂಬ ಮೀನು ಮೊಟ್ಟೆಯೊಡೆದ ಎರಡೇ ವಾರದಲ್ಲಿ ಪ್ರಾಯಕ್ಕೆ ಬರಬಲ್ಲದು. ಹೊಂಡ ಬತ್ತಿದರೆ ದೊಡ್ಡ ಮೀನುಗಳೆಲ್ಲ ಸಾಯುತ್ತವೆ, ಮೊಟ್ಟೆಗಳು ಒಣಮಣ್ಣಿನಲ್ಲಿ ಮುಂದಿನ ಮಳೆಗೆ ಕಾಯುತ್ತವೆ. ನಮ್ಮ ಮಲೆನಾಡಿನಲ್ಲಿ ಮುಂಗಾರಿನ ಮೊದಲ ಕೆಂಪುನೀರಿಗೆ ಎದುರಾಗಿ ಗದ್ದೆಬಯಲಿಗೆ ಏರಿ ಬರುವ ಹತ್ತುಮೀನುಗಳ ಬದುಕೂ ಇದೇ ಬಗೆಯ ಗಡುವಿಗೆ ಕಟ್ಟುಬಿದ್ದದ್ದು. ನೀರು ಹರಡಿರುವ ಕೆಲವೇ ವಾರಗಳಲ್ಲಿ ಮೊಟ್ಟೆಯಿಟ್ಟು, ಮರಿ ಬೆಳೆದು, ಹೊಳೆಗೆ ಇಳಿಯಬೇಕು.

ಅಮೆರಿಕದ ನೆವಾಡಾ ಮರುಭೂಮಿಯ ಡೆವಿಲ್ಸ್ ಹೋಲ್ ಎಂಬ ಕಲ್ಲುಬಿರುಕಿನ ಮಡುವಿನಲ್ಲಿ ನೀರು ವರ್ಷವಿಡೀ 33 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಡೆವಿಲ್ಸ್ ಹೋಲ್ ಪಪ್‌ಫಿಷ್‌ಗೆ ಇಡೀ ಜಗತ್ತಿನಲ್ಲಿ ಸಹಜ ನೆಲೆ ಇದೊಂದೇ. 2013ರಲ್ಲಿ ಎಣಿಕೆಗೆ ಸಿಕ್ಕದ್ದು 35. ಹಿಮಯುಗದಲ್ಲಿ ಈ ಪ್ರದೇಶದಲ್ಲಿ ದೊಡ್ಡ ಸರೋವರಗಳಿದ್ದವು, ಅವು ಬತ್ತಿದಾಗ ಮೀನು ಇಲ್ಲಿ ಸಿಕ್ಕಿಕೊಂಡಿತು ಎಂಬುದು ಹಳೆಯ ಕಥೆ. 2016ರಲ್ಲಿ ಎರಡು ಡಿಎನ್‌ಎ ಅಧ್ಯಯನಗಳು ಪ್ರಕಟವಾದವು. ಒಂದು, ಮೀನು ಅಲ್ಲಿ 60,000 ವರ್ಷದಿಂದ ಇದೆ ಎಂದಿತು. ಇನ್ನೊಂದು, ಸಾವಿರ ವರ್ಷವೂ ಆಗಿಲ್ಲ ಎಂದಿತು. ವಂಶವಾಹಿ ಎಷ್ಟು ವೇಗವಾಗಿ ಬದಲಾಗುತ್ತದೆ ಎಂಬ ಊಹೆಯಲ್ಲಿ ತುಸು ವ್ಯತ್ಯಾಸವಾದರೂ ಉತ್ತರ ಇಷ್ಟು ಹಿಗ್ಗುತ್ತದೆ, ಕುಗ್ಗುತ್ತದೆ. ಅಕ್ಕಪಕ್ಕದ ಕೃಷಿಗೆ ಅಂತರ್ಜಲ ಎತ್ತಿದ್ದರಿಂದ ಮಡುವಿನ ಮಟ್ಟ ಇಳಿದಾಗ ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಗಿ, 1976ರಲ್ಲಿ ತೀರ್ಪು ಮೀನಿನ ನೀರನ್ನು ಕಾಯುವ ಪರವಾಗಿ ಬಂತು.

ಮನುಷ್ಯ ಕೂಡಿಸಿದ ಕೊಳ್ಳಗಳು

ನದಿ ಅಪಹರಣಕ್ಕೆ ಪ್ರಕೃತಿ ಲಕ್ಷಗಟ್ಟಲೆ ವರ್ಷ ತೆಗೆದುಕೊಳ್ಳುತ್ತದೆ; ಮನುಷ್ಯನಿಗೆ ಅಷ್ಟು ಕಾಲ ಬೇಡ. ಮುಲ್ಲಪೆರಿಯಾರ್ ಅಣೆಕಟ್ಟೆ 1895ರಲ್ಲಿ ಮುಗಿದಾಗ ಪಡುವಣಕ್ಕೆ ಹರಿಯುವ ಪೆರಿಯಾರ್‌ನ ನೀರು ಸುರಂಗದ ಮೂಲಕ ಘಟ್ಟ ದಾಟಿ ಮೂಡಣದ ವೈಗೈಗೆ ಸೇರಿತು. 1914ರಲ್ಲಿ ತೆರೆದ ಪನಾಮಾ ಕಾಲುವೆ ಕೆರಿಬಿಯನ್ ಕಡೆಯ ಚಾಗ್ರೆಸ್ ನದಿಯನ್ನೂ ಶಾಂತಸಾಗರದ ಕಡೆಯ ರಿಯೊ ಗ್ರಾಂಡೆಯನ್ನೂ ಬೆಸೆಯಿತು. ಅದರ ಫಲವನ್ನು ಅಳೆದ 2004ರ ಅಧ್ಯಯನದ ಪ್ರಕಾರ ಮೀನುಗಳು ಎರಡೂ ಕಡೆಗೆ ದಾಟಿದ್ದವು, ಎರಡೂ ಕಡೆ ಪ್ರಭೇದಗಳ ಸಂಖ್ಯೆ ಹೆಚ್ಚಿತ್ತು. ಆದ್ದರಿಂದ ಕೊಳ್ಳ ಕೂಡಿದರೆ ಮೀನು ಅಳಿಯುತ್ತದೆ ಎಂದು ಸಾರಾಸಗಟಾಗಿ ಹೇಳುವಂತಿಲ್ಲ.

ಕಾವೇರಿಯ ಅನುಭವ ಬೇರೆ. ಅಲ್ಲಿನ ಗೂನುಬೆನ್ನಿನ ಮಹಸೀರ್, ನಮ್ಮವರ ಬಿಳಿಮೀನು, ಗಾಳ ಹಾಕುವವರ ಲೋಕದಲ್ಲಿ ಶತಮಾನದಿಂದ ಪ್ರಸಿದ್ಧ. ಆದರೂ ಅದರ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಎಂದು ಖಚಿತವಾದದ್ದು 2018ರಲ್ಲಿ. ಕಾವೇರಿಗೆ ಸೇರುವ ಪಾಂಬಾರ್ ನದಿಯಿಂದ ಆ ಹೆಸರಿನಲ್ಲಿ 2007ರಲ್ಲಿ ವರ್ಣಿಸಿದ್ದ ಮೀನೂ ಇದೂ ಒಂದೇ ಎಂದು ಆಗ ತಿಳಿಯಿತು. ಕಾವೇರಿ ಕೊಳ್ಳದ ಹೊರಗೆ ಇದು ಇಲ್ಲ. ಕೃಷ್ಣಾ ಕೊಳ್ಳದ ಡೆಕ್ಕನ್ ಮಹಸೀರ್ ಮರಿಗಳನ್ನು ಮರಿಕೇಂದ್ರದಲ್ಲಿ ಬೆಳೆಸಿ, ಮೀನು ಸಂತತಿ ಹೆಚ್ಚಿಸುವ ಸದುದ್ದೇಶದಿಂದಲೇ ಕಾವೇರಿಗೆ ಬಿಡಲಾಯಿತು. ಅವು ಬೆಳೆದವು, ಬಿಳಿಮೀನು ವಿರಳವಾಯಿತು. ಇಂದು ಅದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಅಳಿವಿನ ಅಂಚಿನ ಅತ್ಯಂತ ಗಂಭೀರ ವರ್ಗದಲ್ಲಿದೆ. ಮರಿ ಬಿಡುವ ಹೊತ್ತಿಗೆ ಎರಡೂ ಬೇರೆ ವಂಶದವು ಎಂಬುದು ದಾಖಲೆಯಲ್ಲೇ ಸ್ಪಷ್ಟವಾಗಿರಲಿಲ್ಲ.

ಈಗ ಎತ್ತಿನಹೊಳೆ ಯೋಜನೆ ಇದೆ. ಸಕಲೇಶಪುರದ ಬಳಿ ನೇತ್ರಾವತಿಯ ಮೇಲ್ಭಾಗದ ಹಳ್ಳಗಳ ಮಳೆನೀರನ್ನು ಮೇಲೆತ್ತಿ ಬಯಲುಸೀಮೆಗೆ ಒಯ್ಯುವ ಈ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆ ಸಿಕ್ಕಿತು. ನೀರಿನ ಹಂಚಿಕೆ, ಕಾಡಿನ ನಷ್ಟ, ಖರ್ಚಿನ ಬಗ್ಗೆ ಸಾಕಷ್ಟು ವಾದ ನಡೆದಿದೆ. ಮೀನಿನ ಕಡೆಯಿಂದ ನೋಡಿದರೆ ಪ್ರಶ್ನೆ ಇನ್ನೊಂದು. ನೀರು ಹೊರಡುವುದು ಅರಬ್ಬಿ ಸಮುದ್ರಕ್ಕೆ ಇಳಿಯುವ ಕೊಳ್ಳದಿಂದ. ಸೇರುವುದು ಬಂಗಾಳ ಕೊಲ್ಲಿಯ ಕಡೆಗೆ ವಾಲಿದ ಕೋಲಾರ, ಚಿಕ್ಕಬಳ್ಳಾಪುರಗಳ ಕೆರೆಸಾಲುಗಳಿಗೆ. ಪಂಪು, ಕೊಳವೆಗಳನ್ನು ದಾಟಿ ಮೊಟ್ಟೆ, ಮರಿಗಳು ಉಳಿಯುತ್ತವೆಯೇ ಎಂಬುದನ್ನು ಎರಡೂ ತುದಿಗಳಲ್ಲಿ ವರ್ಷವರ್ಷವೂ ಮಾದರಿ ತೆಗೆದು ನೋಡಬೇಕು. ಘಟ್ಟದ ಹಳ್ಳಗಳಲ್ಲಿ ಹೊಸ ಪ್ರಭೇದಗಳು ಈಗಲೂ ಸಿಗುತ್ತಿವೆ. ಶರಾವತಿ ಕೊಳ್ಳದ ಬಟಾಸಿಯೊ ಶರಾವತಿಯೆನ್ಸಿಸ್ ಎಂಬ ಮೀನು ಹೆಸರು ಪಡೆದದ್ದೇ 2004ರಲ್ಲಿ. ಯಾವ ಹಳ್ಳದಲ್ಲಿ ಯಾವ ವಂಶವಿದೆ ಎಂಬ ಡಿಎನ್‌ಎ ದಾಖಲೆಯನ್ನು ನೀರು ಬೆರೆಯುವ ಮುಂಚೆಯೇ ಮಾಡಿಟ್ಟರೆ ಮಾತ್ರ ಮುಂದೆ ಏನು ಬದಲಾಯಿತೆಂದು ಅಳೆಯಲು ಸಾಧ್ಯ. ಕಾವೇರಿಯ ಬಿಳಿಮೀನಿನ ವಿಷಯದಲ್ಲಿ ಇಲ್ಲದೇ ಹೋದದ್ದು ಅಂಥ ದಾಖಲೆಯೇ.